ಆಟದ ಯಂತ್ರವೋ, ಪುಟ್ಟ ಲ್ಯಾಪ್‌ಟಾಪೋ?

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ದಿನಗಳೆಂದರೆ ನಮ್ಮ ಮನೆಗಳಲ್ಲಿ ಸಂಭ್ರಮದ ದಿನಗಳು. ಹಿಂದೆ ಹತ್ತನೆಯ ತರಗತಿ ತೇರ್ಗಡೆಯಾದ ಮಗನಿಗೆ ಕೈಗಡಿಯಾರ, ಕಾಲೇಜಿಗೆ ಹೊರಟವನಿಗೆ ಸೈಕಲ್ಲು ಎಂಬುದು ಬಹುಮಟ್ಟಿಗೆ ನಿಶ್ಚಿತವಾಗಿತ್ತು. ಅದರಲ್ಲಿ ವಾದಕ್ಕೆ ಎಡೆಯಿರಲಿಲ್ಲ. ಈಗ ವಾದಕ್ಕೆ ಎಡೆಯಾಗಿದೆ. ಸಿಂಧನೂರಿನ ಭತ್ತದ ಗದ್ದೆಯವರ ಮನೆಯಿರಲಿ, ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯ ನೌಕರರ ಮನೆಯಿರಲಿ, ಮಸ್ಕಿಯ ಕಿರಾಣಿ ವ್ಯಾಪಾರಸ್ಥರ ಮನೆಯಿರಲಿ, ಪಿಯುಸಿಗೋ ಡಿಪ್ಲೊಮಾಗೋ ಹೊರಟ ಮಗ ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಯಂತ್ರವನ್ನು ಕೇಳುತ್ತಾನೆ. ತಂದೆ ತಾಯಿಗಳು ಲ್ಯಾಪ್‌ಟಾಪ್ ಎನ್ನುತ್ತಾರೆ. ಇಬ್ಬರ ಮಾತಿಗೂ ಕಾರಣಗಳಿವೆ. ಮಗನ ಕಾರಣವನ್ನು ಕೇಳದೆ ತಳ್ಳಿಹಾಕುವುದು ಸರಿಯಲ್ಲವೆಂದು ಭಾವಿಸಿ ನಾವು ಈ ಎರಡೂ ಯಂತ್ರಗಳ ವಿಚಾರವನ್ನು ನಮ್ಮ ಕುಟುಂಬಗಳ ಮುಂದಿಡುತ್ತಿದ್ದೇವೆ.

ಕೈಯಲ್ಲಿ ಹಿಡಿದಾಡುವ ಆಟದ ಯಂತ್ರ ಹೊಸತೇನಲ್ಲ. ಜಪಾನಿನ ನಿಂಟೆಂಡೊ ಸಂಸ್ಥೆಯು 1989ರಲ್ಲಿ ಗೇಮ್ ಬಾಯ್ ಎಂಬ ಯಂತ್ರವನ್ನು ಹೊರತಂದಿತು. ತೊಂಬತ್ತರ ದಶಕದಲ್ಲಿ ನಮ್ಮ ಜಾತ್ರೆಗಳ ಸಾಲು ಅಂಗಡಿಗಳಲ್ಲಿಯೂ ಇಟ್ಟಿಗೆಗಳನ್ನು ಒಂದರ ಮೇಲೊಂದು ಇಳಿಸುವ ಪುಟ್ಟ ಆಟಿಕೆಗಳು ದೊರೆಯುತ್ತಿದ್ದವು. ಎರಡು ಪೆನ್ಸಿಲ್ ಸೆಲ್ ಹಾಕಿದರೆ ವಾರಗಟ್ಟಲೆ ನಡೆಯುತ್ತಿದ್ದ ಆ ಆಟಿಕೆಯಿಂದ ಯಾರ ಮನೆಯೂ ಸಾಲಕ್ಕೆ ಬಿದ್ದದ್ದಿಲ್ಲ. ಇಂದಿನ ಯಂತ್ರಗಳ ಮಾತೇ ಬೇರೆ. ಅಮೆರಿಕದ ವಾಲ್ವ್ ಸಂಸ್ಥೆಯ ಸ್ಟೀಮ್ ಡೆಕ್ 2022ರ ಫೆಬ್ರವರಿಯಲ್ಲಿ ಬಂದಿತು. ತೈವಾನಿನ ಏಸಸ್ ಸಂಸ್ಥೆಯ ರಾಗ್ ಅಲೈ 2023ರ ಜುಲೈಯಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 69,990 ರೂಪಾಯಿ. ಏಳು ಅಂಗುಲದ ಪರದೆ, ಎರಡು ಪಕ್ಕಗಳಲ್ಲಿ ಹೆಬ್ಬೆರಳಿಗೆ ಒಗ್ಗುವ ಕೋಲುಗಳು, ಒಟ್ಟು 608 ಗ್ರಾಂ ತೂಕ. ಒಳಗಿರುವುದು ಮಾತ್ರ ಆಟಿಕೆಯಲ್ಲ. 16 ಜಿಬಿ ಸ್ಮರಣಶಕ್ತಿ, ವಿಂಡೋಸ್ ವ್ಯವಸ್ಥೆ, ಅನೇಕ ಲ್ಯಾಪ್‌ಟಾಪುಗಳಿಗಿಂತ ವೇಗವುಳ್ಳ ಸಂಸ್ಕಾರಕ ಎಲ್ಲವೂ ಅದರಲ್ಲಿವೆ.

ಆದ್ದರಿಂದ ಮಗನು “ಇದೂ ಒಂದು ಕಂಪ್ಯೂಟರೇ” ಎಂದು ಹೇಳಿದರೆ ಅವನು ಸುಳ್ಳು ಹೇಳುತ್ತಿಲ್ಲ. ಇದನ್ನು ಹಿರಿಯರು ಮೊದಲು ಒಪ್ಪಿಕೊಳ್ಳಬೇಕು. ನಿಂಟೆಂಡೊದ ಸ್ವಿಚ್‌ನಂಥ ಯಂತ್ರಗಳು ಆಟಕ್ಕಷ್ಟೇ ಮೀಸಲಾದವು. ಅವುಗಳಲ್ಲಿ ಒಂದು ಅರ್ಜಿಯನ್ನೂ ಬರೆಯಲಾಗದು. ಸ್ಟೀಮ್ ಡೆಕ್ ಲಿನಕ್ಸ್ ಮೇಲೆ ನಡೆಯುತ್ತದೆ, ಅದನ್ನು ಗಣಕಯಂತ್ರದಂತೆ ಬಳಸುವ ದಾರಿಯಿದೆ. ರಾಗ್ ಅಲೈಯಂಥದ್ದಕ್ಕೆ ಕೀಲಿಮಣೆ, ಮೌಸ್, ದೊಡ್ಡ ಪರದೆ ಜೋಡಿಸಿದರೆ ಅದು ಮೇಜಿನ ಗಣಕಯಂತ್ರವೇ ಆಗುತ್ತದೆ. ಪ್ರಶ್ನೆ ಇರುವುದು ಆ “ಜೋಡಿಸಿದರೆ” ಎಂಬಲ್ಲಿ.

ಒಂದು ಕುತೂಹಲದ ಸಂಗತಿಯನ್ನು ಇಲ್ಲಿ ಹೇಳಬೇಕು. ಇದೇ ಏಸಸ್ ಸಂಸ್ಥೆಯು 2007ರಲ್ಲಿ ಈ ಪಿಸಿ ಎಂಬ ಹೆಸರಿನ ಪುಟ್ಟ ಲ್ಯಾಪ್‌ಟಾಪನ್ನು ಹೊರತಂದು ಜಗತ್ತಿನ ಗಮನ ಸೆಳೆದಿತ್ತು. ಅದರ ಪರದೆಯೂ ಏಳು ಅಂಗುಲದ್ದೇ! ತೂಕ ಒಂದು ಕಿಲೋಗ್ರಾಮಿಗೂ ಕಡಿಮೆ. ವಿದ್ಯಾರ್ಥಿಗಳಿಗೆ ಕಡಿಮೆ ಬೆಲೆಯ ಗಣಕಯಂತ್ರ ಎಂಬುದೇ ಅದರ ಹೆಗ್ಗಳಿಕೆ. ಹದಿನಾರು ವರ್ಷಗಳ ಅನಂತರ ಅದೇ ಸಂಸ್ಥೆ ಅದೇ ಅಳತೆಯ ಪರದೆಯಲ್ಲಿ ಆಟದ ಯಂತ್ರವನ್ನು ಮಾಡಿತು. ಮೊದಲನೆಯದರಲ್ಲಿ ಪರದೆಯ ಕೆಳಗೆ ಅಕ್ಷರಗಳ ಕೀಲಿಮಣೆ ಇತ್ತು. ಎರಡನೆಯದರಲ್ಲಿ ಪರದೆಯ ಪಕ್ಕಕ್ಕೆ ಕೋಲುಗಳು ಬಂದವು. ಶಕ್ತಿಯಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಎಷ್ಟೋ ಪಟ್ಟು ಮಿಗಿಲು. ಆದರೂ ಒಂದು ಪುಟ ಕನ್ನಡ ಬರೆಯಬೇಕಾದವನಿಗೆ ಹಳೆಯ ಬಡ ಯಂತ್ರವೇ ಹೆಚ್ಚು ಉಪಕಾರಿ. ಯಂತ್ರದ ಒಳಗೇನಿದೆ ಎಂಬುದಕ್ಕಿಂತ ಅದು ನಮ್ಮ ಕೈಯಿಂದ ಏನನ್ನು ಮಾಡಿಸುತ್ತದೆ ಎಂಬುದನ್ನು ನೋಡಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ಸಿಂಧನೂರಿನ ಒಂದು ಮನೆಯಲ್ಲಿ ನಾವು ಕೇಳಿದ ಮಾತುಕತೆ ಇದನ್ನು ಚೆನ್ನಾಗಿ ತೋರುತ್ತದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಸೋದರಮಾವನ ಮಗ ರಜೆಗೆ ಬಂದಾಗ ಇಂಥ ಯಂತ್ರವೊಂದನ್ನು ತಂದಿದ್ದ. ಮನೆಯ ಹುಡುಗ ಅದನ್ನು ತಂದೆಯ ಮುಂದೆ ಹಿಡಿದು, “ಯಪ್ಪಾ, ಇದರಾಗ ವಿಂಡೋಸ್ ಐತಿ. ಲ್ಯಾಪ್‌ಟಾಪ್ ಮಾಡೋ ಕೆಲಸಾನೆಲ್ಲ ಇದೂ ಮಾಡತೈತಿ” ಎಂದ. ತಂದೆ ಜಾಣರು. “ಹಂಗಾರ ನಮ್ಮ ಹೊಲದ ಪಹಣಿ ಇದರಾಗ ತಗದು ತೋರಸು, ನೋಡೂಣು” ಎಂದರು. ಹುಡುಗ ತೆಗೆದ. ಪುಟ ತೆರೆದುಕೊಂಡಿತು, ಅಕ್ಷರಗಳು ಎಳ್ಳಿನ ಕಾಳಿನಷ್ಟಾಗಿ ಕಂಡವು. ಸರ್ವೆ ನಂಬರು ತುಂಬಲು ಹೋದಾಗ ಪರದೆಯ ಮೇಲೆಯೇ ಕೀಲಿಮಣೆ ಮೂಡಿ ಅರ್ಧ ಪುಟವನ್ನು ಮುಚ್ಚಿಕೊಂಡಿತು. ತಂಗಿ ಪಕ್ಕದಲ್ಲಿ ನಿಂತು, “ಅಣ್ಣಾ, ನನ್ನ ಸ್ಕಾಲರ್‌ಶಿಪ್ ಅರ್ಜಿ ಇದರಾಗ ತುಂಬಾಕ ಬರತೈತೇನು?” ಎಂದು ಕೇಳಿದಳು. ಬರುತ್ತದೆ, ಕೀಲಿಮಣೆ ತಂದರೆ ಬರುತ್ತದೆ ಎಂದು ಅವನು ಹೇಳುತ್ತಿರುವಾಗ ಒಳಗಿನಿಂದ ಅಜ್ಜಿ, “ಬರತೈತವ್ವಾ, ಆದರ ಅದನ್ನ ಅವನ ಕೈಯಾಗಿಂದ ಕಸಗೊಳ್ಳೋರು ಯಾರು?” ಎಂದರು. ಎಲ್ಲರೂ ನಕ್ಕರು. ಹುಡುಗನೂ ನಕ್ಕ.

ಅಜ್ಜಿಯ ಮಾತಿನಲ್ಲಿ ಇಡೀ ಪ್ರಶ್ನೆಯ ತಿರುಳಿದೆ. ಆಟದ ಯಂತ್ರ ಒಬ್ಬನದು. ಅದರ ರಚನೆಯೇ ಹಾಗೆ: ಎರಡು ಅಂಗೈ, ಎರಡು ಕಣ್ಣು. ಲ್ಯಾಪ್‌ಟಾಪನ್ನು ಪಡಸಾಲೆಯ ಮೇಜಿನ ಮೇಲೆ ತೆರೆದಿಟ್ಟರೆ ಮಗಳು ಅರ್ಜಿ ತುಂಬಬಹುದು, ತಾಯಿ ಸ್ವಸಹಾಯ ಸಂಘದ ಲೆಕ್ಕವನ್ನು ಬರೆದಿಡಬಹುದು, ತಂದೆ ಪಹಣಿ ನೋಡಬಹುದು, ಮುಚ್ಚಿಟ್ಟರೆ ಮರುದಿನ ಮತ್ತೊಬ್ಬರಿಗೆ ಒದಗುತ್ತದೆ. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿ ನೆಡುವ ಅಭ್ಯಾಸವುಳ್ಳ ಮನೆಗಳು ನಮ್ಮವು. ಅಂಗೈಯಲ್ಲಿರುವ ವಸ್ತು ಮನಸ್ಸನ್ನು ಎಷ್ಟು ಬಿಗಿಯಾಗಿ ಹಿಡಿಯಬಲ್ಲದೆಂಬುದನ್ನು ನಮಗೆ ಬೇರೆಯವರು ಕಲಿಸಬೇಕಾಗಿಲ್ಲ.

ಇನ್ನು ಬೆಲೆಯ ವಿಚಾರ. ಸಿಂಧನೂರಿನವರಿಗೆ ರೂಪಾಯಿಗಿಂತ ಚೀಲದ ಲೆಕ್ಕ ಬೇಗ ತಿಳಿಯುತ್ತದೆ. ಕೇಂದ್ರ ಸರ್ಕಾರವು 2025-26ನೆಯ ಸಾಲಿಗೆ ಸಾಮಾನ್ಯ ಭತ್ತಕ್ಕೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಆ ದರದಲ್ಲಿ 75 ಕಿಲೋ ಚೀಲವೊಂದಕ್ಕೆ 1,777 ರೂಪಾಯಿಯಾಗುತ್ತದೆ. ಎಪ್ಪತ್ತು ಸಾವಿರದ ಯಂತ್ರಕ್ಕೆ ಸುಮಾರು 40 ಚೀಲ ಭತ್ತ ಬೇಕು. ಎಡದಂಡೆ ನಾಲೆಯ ನೀರು ಸಕಾಲಕ್ಕೆ ಬಂದು ರೋಗರುಜಿನವಿಲ್ಲದೆ ಬೆಳೆದ ಒಂದು ಎಕರೆಯ ಫಸಲು ಹೆಚ್ಚು ಕಡಿಮೆ ಅಷ್ಟೇ. ಗೊಬ್ಬರ, ಔಷಧ, ನಾಟಿ, ಕೊಯ್ಲಿನ ಖರ್ಚನ್ನು ಇನ್ನೂ ಕಳೆದಿಲ್ಲ. ನಾಲ್ವತ್ತು ಸಾವಿರದ ಲ್ಯಾಪ್‌ಟಾಪಿಗೆ 22-23 ಚೀಲ ಸಾಕು. ನೀರಿನ ಭರವಸೆ ಎಷ್ಟರದ್ದೆಂಬುದನ್ನು 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಈ ಭಾಗದ ಪ್ರತಿ ಮನೆಯೂ ಅನುಭವಿಸಿದೆ. ಮಸ್ಕಿ, ಲಿಂಗಸುಗೂರುಗಳ ಮಳೆಯಾಶ್ರಿತ ಹೊಲಗಳಲ್ಲಿ ತೊಗರಿ, ಜೋಳ ನೆಚ್ಚಿದವರ ಲೆಕ್ಕ ಇದಕ್ಕಿಂತ ಬಿಗಿಯಾದದ್ದು.

ಬೆಲೆ ಅಲ್ಲಿಗೇ ನಿಲ್ಲುವುದಿಲ್ಲ. ಆಟದ ಯಂತ್ರದಲ್ಲಿ ಓದು ಬರಹವನ್ನೂ ಮಾಡಬೇಕೆಂದರೆ ಪರದೆ, ಕೀಲಿಮಣೆ, ಮೌಸ್, ಜೋಡಣೆಯ ಪೆಟ್ಟಿಗೆ ಇವುಗಳಿಗೆ ಮತ್ತೆ ಹತ್ತು ಹನ್ನೆರಡು ಸಾವಿರ. ದೊಡ್ಡ ಹೆಸರಿನ ಹೊಸ ಆಟ ಒಂದಕ್ಕೆ ಮೂರು ನಾಲ್ಕು ಸಾವಿರ ಕೊಡಬೇಕಾದ ಸಂದರ್ಭಗಳು ಸಾಮಾನ್ಯ. ಅಂಥ ಒಂದು ಆಟದ ಗಾತ್ರ ಅನೇಕ ವೇಳೆ 100 ಜಿಬಿ ಮುಟ್ಟುತ್ತದೆ. ಮನೆಗೆ ಫೈಬರ್ ತಂತಿ ಬಂದಿರದ ಹಳ್ಳಿಯಲ್ಲಿ ದಿನಕ್ಕೆ 2 ಜಿಬಿಯ ಮೊಬೈಲ್ ಯೋಜನೆಯನ್ನು ನೆಚ್ಚಿದವನು ಆ ಒಂದು ಆಟವನ್ನು ಇಳಿಸಿಕೊಳ್ಳಲು 50 ದಿನ ಬೇಕು, ಅಷ್ಟು ದಿನ ಮನೆಯಲ್ಲಿ ಬೇರಾರೂ ನೆಟ್ ಮುಟ್ಟಬಾರದು! ಈ ಲೆಕ್ಕವನ್ನು ಹುಡುಗರಿಂದಲೇ ಮಾಡಿಸಿದರೆ ಒಳ್ಳೆಯದು.

ಬಿಸಿಲು ಮತ್ತು ಧೂಳಿನ ಮಾತನ್ನು ನಗರದ ಜಾಹೀರಾತುಗಳು ಆಡುವುದಿಲ್ಲ. ಮೊದಲ ರಾಗ್ ಅಲೈಯ ಬ್ಯಾಟರಿ 40 ವ್ಯಾಟ್-ಗಂಟೆಯದು. ಭಾರಿ ಆಟ ಆಡುವಾಗ ಯಂತ್ರ ಇಪ್ಪತ್ತು ಮೂವತ್ತು ವ್ಯಾಟ್ ವಿದ್ಯುತ್ತನ್ನು ಹೀರುವುದರಿಂದ ಎರಡು ಗಂಟೆಯೊಳಗೆ ಬ್ಯಾಟರಿ ಬರಿದಾಗುತ್ತದೆ. ಹೀರಿದ ವಿದ್ಯುತ್ತೆಲ್ಲ ಶಾಖವಾಗಿ ಅಂಗೈಯ ಬಳಿಯೇ ಹೊರಬರಬೇಕು. ಅದೇ ಅಳತೆಯ ಬ್ಯಾಟರಿಯ ಲ್ಯಾಪ್‌ಟಾಪಿನಲ್ಲಿ ಬರಹ, ಓದು ಮಾಡುವಾಗ ಖರ್ಚಾಗುವುದು ಏಳೆಂಟು ವ್ಯಾಟ್ ಮಾತ್ರ. ಐದು ಗಂಟೆ ನಡೆಯುತ್ತದೆ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ, ಮಧ್ಯಾಹ್ನ ಕರೆಂಟು ಹೋದ ಹೊತ್ತಿನಲ್ಲಿ, ಈ ವ್ಯತ್ಯಾಸ ಸಣ್ಣದಲ್ಲ. ರೈಸ್ ಮಿಲ್ಲುಗಳ ಸುತ್ತಣ ಬಡಾವಣೆಗಳಲ್ಲಿ ಹೊಟ್ಟಿನ ಸೂಕ್ಷ್ಮ ಧೂಳು ಫ್ಯಾನಿನ ಕಿಂಡಿಗಳನ್ನು ಕಟ್ಟುತ್ತದೆ. ಇದು ಎರಡೂ ಯಂತ್ರಗಳಿಗೆ ಶತ್ರು. ಲ್ಯಾಪ್‌ಟಾಪನ್ನು ಬಿಚ್ಚಿ ಶುಚಿಮಾಡುವ ಕೈಗಳು ತಾಲೂಕು ಕೇಂದ್ರದಲ್ಲಿಯೇ ದೊರೆಯುತ್ತವೆ. ಆಟದ ಯಂತ್ರದ ಕೋಲು ಸಡಿಲವಾದರೆ ದೂರದ ಊರಿಗೆ ಕಳುಹಿಸಬೇಕು. ವಿದೇಶದಿಂದ ಯಾರೋ ತಂದುಕೊಟ್ಟ ಯಂತ್ರವಾದರೆ ಖಾತರಿಯ ಆಸೆಯನ್ನೇ ಬಿಡಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಆಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಚಿನ್ನಿದಾಂಡು, ಚೌಕಾಬಾರ ಆಡದೆ ಬೆಳೆದ ಹಿರಿಯರು ನಮ್ಮಲ್ಲಿ ಯಾರಿದ್ದಾರೆ? ಆಟ ಬುದ್ಧಿಯನ್ನು ಚುರುಕುಗೊಳಿಸುತ್ತದೆ, ಗೆಳೆತನ ಬೆಳೆಸುತ್ತದೆ. ಆಟಗಳನ್ನು ತಯಾರಿಸುವುದು ಈಗ ಗೌರವದ ವೃತ್ತಿಯೂ ಆಗಿದೆ. ಕರ್ನಾಟಕ ಸರ್ಕಾರವು ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕಾಗಿ 2012ರಲ್ಲಿಯೇ ನೀತಿಯೊಂದನ್ನು ರೂಪಿಸಿತು. ನಾನು ಗೇಮ್ ಡೆವಲಪರ್ ಆಗುತ್ತೇನೆ ಎನ್ನುವ ಹುಡುಗನ ಮಾತನ್ನು ನಗೆಯಲ್ಲಿ ತೇಲಿಸಬೇಕಾಗಿಲ್ಲ. ಆದರೆ ಅವನಿಗೆ ಒಂದು ಮಾತು ತಿಳಿಸಬೇಕು: ಆಟದ ಯಂತ್ರದಲ್ಲಿ ಓಡುವ ಪ್ರತಿಯೊಂದು ಆಟವನ್ನೂ ಬರೆದವರು ಕೀಲಿಮಣೆಯ ಮುಂದೆ ಕುಳಿತು ಬರೆದಿದ್ದಾರೆ. ಗೋಡೋನಂಥ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ, ಸಾಧಾರಣ ಲ್ಯಾಪ್‌ಟಾಪಿನಲ್ಲಿಯೂ ಕೆಲಸ ಮಾಡುತ್ತದೆ. ಆಟ ಆಡಬೇಕೆನಿಸಿದಾಗ ಚದುರಂಗದಿಂದ ಹಿಡಿದು ಹಳೆಯ ಕಾಲದ ಎಷ್ಟೋ ಆಟಗಳು ಅದೇ ಲ್ಯಾಪ್‌ಟಾಪಿನಲ್ಲಿ ನಡೆಯುತ್ತವೆ.

ಆಟ ಚಟವಾಗುವ ಅಪಾಯವೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯು ಗೇಮಿಂಗ್ ವ್ಯಾಧಿಯನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿದ್ದು, ಆ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಹೆಚ್ಚು ಹೊತ್ತು ಆಡಿದ ಮಾತ್ರಕ್ಕೆ ಅದು ರೋಗವಲ್ಲ. ಆಟದ ಮೇಲೆ ಹಿಡಿತ ತಪ್ಪಿ, ಊಟ, ನಿದ್ರೆ, ಓದುಗಳು ಹಿಂದೆ ಬಿದ್ದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ ಒಂದು ವರ್ಷ ಮುಂದುವರಿದರೆ ವೈದ್ಯರು ಹಾಗೆ ಕರೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಇದಕ್ಕಾಗಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಊರಲ್ಲಿದ್ದುಕೊಂಡೇ ಸಲಹೆ ಬೇಕಾದವರು ಟೆಲಿಮನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮಾತು ಬೇರೆಯೇ. ಅವುಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಈ ಚಟಕ್ಕೆ ದುಬಾರಿ ಯಂತ್ರವೇ ಬೇಕೆಂದಿಲ್ಲ, ತಂದೆಯ ಮೊಬೈಲೂ ಸಾಕಾಗುತ್ತದೆ. ಎಲ್ಲ ದೋಷವನ್ನೂ ಆಟದ ಯಂತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಲ್ಯಾಪ್‌ಟಾಪ್ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದೇ ಎಂದೂ ತಿಳಿಯಬಾರದು. ಬೆಲೆ ಕಡಿಮೆಯೆಂದು ಕೊಂಡ ಪುಟ್ಟ ಲ್ಯಾಪ್‌ಟಾಪ್ ಆರು ತಿಂಗಳಲ್ಲಿ ಮೂಲೆ ಸೇರಿದ ಉದಾಹರಣೆಗಳು ನಮ್ಮ ಊರುಗಳಲ್ಲಿಯೇ ಇವೆ. 2023ರ ಆಗಸ್ಟ್‌ನಲ್ಲಿ ಬಂದ ಜಿಯೋಬುಕ್‌ನ ಬೆಲೆ 16,499 ರೂಪಾಯಿ; ತೂಕ 990 ಗ್ರಾಂ, ಪರದೆ 11.6 ಅಂಗುಲ, ಸಿಮ್ ಹಾಕುವ ಸೌಕರ್ಯವೂ ಇತ್ತು. ಹಳ್ಳಿಯ ವಿದ್ಯಾರ್ಥಿಗೆ ಇವೆಲ್ಲ ಅನುಕೂಲಗಳೇ. ಆದರೆ ಅದರಲ್ಲಿದ್ದದ್ದು 4 ಜಿಬಿ ಸ್ಮರಣಶಕ್ತಿ, 64 ಜಿಬಿ ಸಂಗ್ರಹ, ವಿಂಡೋಸ್ ಅಲ್ಲದ ಬೇರೆ ವ್ಯವಸ್ಥೆ. ವಿಂಡೋಸ್‌ಗಾಗಿ ಮಾಡಿದ ಟ್ಯಾಲಿಯಾಗಲಿ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವಾಗಲಿ ಅಂಥದರಲ್ಲಿ ನೇರವಾಗಿ ನಡೆಯಲಾರವು. ಸಿಂಧನೂರಿನ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿಗಳಲ್ಲಿ ಲೆಕ್ಕಪತ್ರದ ಕೆಲಸ ಹಿಡಿಯಬೇಕೆಂದಿರುವ ವಾಣಿಜ್ಯ ವಿಭಾಗದ ಹುಡುಗ ಹುಡುಗಿಯರಿಗೆ ಟ್ಯಾಲಿ ಬೇಕೇ ಬೇಕು. ಸರ್ಕಾರಿ ಕಚೇರಿಯ ಕನಸು ಕಾಣುವವರಿಗೆ ಕನ್ನಡ ಬೆರಳಚ್ಚು ಬೇಕು. ಬ್ಯಾಂಕು, ರೈಲ್ವೆಗಳ ನೇಮಕಾತಿಯೂ ಎಂಜಿನಿಯರಿಂಗ್ ಪ್ರವೇಶದ ಜೆಇಇ ಮುಖ್ಯ ಪರೀಕ್ಷೆಯೂ ಈಗ ಗಣಕಯಂತ್ರದ ಮುಂದೆಯೇ ನಡೆಯುತ್ತವೆ. ಮೌಸನ್ನು ಮೊದಲ ಬಾರಿ ಪರೀಕ್ಷಾ ಕೊಠಡಿಯಲ್ಲಿ ಹಿಡಿಯುವ ಮಸ್ಕಿಯ ಹುಡುಗಿಯ ಪಾಡನ್ನು ಯೋಚಿಸಿ ನೋಡಬೇಕು. ಅಶೋಕ ಚಕ್ರವರ್ತಿಯ ಹೆಸರನ್ನು ಹೊತ್ತ ಬಂಡೆಯ ಶಾಸನ 1915ರಲ್ಲಿ ಬೆಳಕಿಗೆ ಬಂದು, ಬರಹದಿಂದಲೇ ಜಗತ್ತಿಗೆ ಪರಿಚಯವಾದ ಊರು ಅದು!

ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ. ಮನೆಯಲ್ಲಿ ಇನ್ನೂ ಒಂದೂ ಗಣಕಯಂತ್ರವಿಲ್ಲದಿದ್ದರೆ ಮೊದಲು ಬರಬೇಕಾದದ್ದು ಲ್ಯಾಪ್‌ಟಾಪ್. ಅದು 8 ಜಿಬಿ ಸ್ಮರಣಶಕ್ತಿ, 256 ಜಿಬಿಗೆ ಕಡಿಮೆಯಿಲ್ಲದ ಎಸ್‌ಎಸ್‌ಡಿ ಉಳ್ಳದ್ದಾಗಿರಲಿ. ಆಟದ ಯಂತ್ರ ಬರುವುದಾದರೆ ಎರಡನೆಯದಾಗಿ ಬರಲಿ. ಓದು ಮುಗಿಸಿ ನೌಕರಿ ಹಿಡಿದ ಮಗ ತನ್ನ ದುಡಿಮೆಯಲ್ಲಿ ಕೊಂಡುಕೊಂಡರೆ ಅದಕ್ಕೆ ಅಡ್ಡಿ ಹೇಳುವ ಅಧಿಕಾರ ಯಾರಿಗೂ ಇಲ್ಲ. ಹಾಸ್ಟೆಲಿನಲ್ಲಿ ಗಣಕಯಂತ್ರ ಪ್ರಯೋಗಾಲಯವಿದೆ, ಮನೆಯಲ್ಲಿಯೂ ಒಂದು ಲ್ಯಾಪ್‌ಟಾಪ್ ಇದೆ, ಹಣಕ್ಕೆ ತೊಂದರೆಯಿಲ್ಲ ಎನ್ನುವ ಮನೆಗಳು ಬೇರೆ ರೀತಿ ಯೋಚಿಸಬಹುದು.

ಬೇಕಾದದ್ದೆಷ್ಟು ಎಂಬ ಪ್ರಶ್ನೆ ಬಂದಾಗ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ನೆನಪಾಗುವುದು ಸಹಜ. ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಪ್ರತೀತಿಯಿರುವ ಈ ಶರಣರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದ ಪ್ರಸಂಗ ನಮ್ಮ ಮಕ್ಕಳಿಗೂ ಗೊತ್ತು. ನಾವು ಗಮನಿಸಬೇಕಾದ ಅಂಶ ಒಂದಿದೆ: ಅಕ್ಕಿ ಬೇಡವೆಂದು ಲಕ್ಕಮ್ಮ ಹೇಳಲಿಲ್ಲ. ಮನೆಗೆ ಬಂದವರಿಗೆಲ್ಲ ಉಣಬಡಿಸಲು ಎಷ್ಟು ಬೇಕೆಂಬುದು ಆಕೆಗೆ ತಿಳಿದಿತ್ತು, ಅಳತೆಯನ್ನು ನಿರ್ಧರಿಸಿದವಳೂ ಆಕೆಯೇ. ಇಂದಿನ ಮನೆಗಳಲ್ಲಿ ಯಂತ್ರ ಕೊಳ್ಳುವ ಮಾತುಕತೆ ತಂದೆ ಮಕ್ಕಳ ನಡುವೆಯೇ ಮುಗಿದುಹೋಗುತ್ತದೆ. ತಾಯಿಯನ್ನೂ ಮಗಳನ್ನೂ ಕೇಳುವವರು ವಿರಳ. ಮಗನಿಗೆ ಆಟದ ಯಂತ್ರವೋ ಲ್ಯಾಪ್‌ಟಾಪೋ ಎಂಬ ಚರ್ಚೆ ನಡೆಯುವ ಎಷ್ಟೋ ಮನೆಗಳಲ್ಲಿ ಮಗಳಿಗೆ ಏನು ಎಂಬ ಪ್ರಶ್ನೆಯೇ ಏಳುವುದಿಲ್ಲವೆಂಬುದು ನಮ್ಮನ್ನು ನೋಯಿಸಿದ ಸಂಗತಿ. ಮನೆಗೆ ಬರುವ ಲ್ಯಾಪ್‌ಟಾಪಿನಲ್ಲಿ ಆಕೆಯ ಹೆಸರಿನ ಖಾತೆಯನ್ನೂ ಅದೇ ದಿನ ತೆರೆಯಬೇಕು. ಸಮಗ್ರ ವಚನ ಸಂಪುಟದ ಹದಿನೈದು ಸಂಪುಟಗಳನ್ನು ಕೊಂಡಿಡಲು ಎಲ್ಲರಿಗೂ ಆಗುವುದಿಲ್ಲ. ವಚನಗಳನ್ನು ಶರಣರ ಹೆಸರಿನಿಂದ ಹುಡುಕಿ ಓದುವ ಅನುಕೂಲ ಈಗ ಅಂತರ್ಜಾಲದಲ್ಲಿದೆ. ಅಜ್ಜಿಗೂ ದೊಡ್ಡ ಅಕ್ಷರದಲ್ಲಿ ಓದಿಸಬಹುದು.

ಕೊಳ್ಳುವವರಿಗೆ ಇನ್ನೆರಡು ಮಾತು. ಬಳಸಿದ ಲ್ಯಾಪ್‌ಟಾಪುಗಳು ಹದಿನೈದು ಇಪ್ಪತ್ತು ಸಾವಿರಕ್ಕೆ ದೊರೆಯುತ್ತವೆ. ಕಂಪನಿಗಳು ಬಳಸಿ ಬಿಟ್ಟ ಗಟ್ಟಿ ಯಂತ್ರಗಳು ಹೊಸ ಅಗ್ಗದ ಯಂತ್ರಗಳಿಗಿಂತ ಎಷ್ಟೋ ಮೇಲು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಸಂಸ್ಕಾರಕವಾದರೆ ಎಂಟನೆಯ ಪೀಳಿಗೆಗಿಂತ ಹಳೆಯದು ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಒಗ್ಗುವುದಿಲ್ಲ. ಅಂಥದನ್ನು ಕೊಳ್ಳುವುದಾದರೆ ಲಿನಕ್ಸ್ ಹಾಕಿಸಿಕೊಳ್ಳುವ ಸಿದ್ಧತೆಯಿರಲಿ. ಅಂಗಡಿಯಲ್ಲಿ ಚಿತ್ರ ತೋರಿಸಿ ಮರುಳುಮಾಡಲು ಬಿಡದೆ ಮಗಳನ್ನೋ ಮಗನನ್ನೋ ಕೂಡ್ರಿಸಿ ಅರ್ಧ ಪುಟ ಕನ್ನಡ ಬೆರಳಚ್ಚು ಮಾಡಿಸಬೇಕು. ಕೀಲಿಗಳು ಅಂಟುತ್ತವೆಯೋ, ತಳ ಕಾಯುತ್ತದೆಯೋ, ಚಾರ್ಜರ್ ತೆಗೆದ ಮೇಲೆ ಅರ್ಧ ಗಂಟೆಯಲ್ಲಿ ಬ್ಯಾಟರಿ ಎಷ್ಟು ಇಳಿಯಿತು ಎಂಬುದನ್ನು ಅಲ್ಲಿಯೇ ನೋಡಬೇಕು. ಸಂಕೋಚಪಡಬೇಕಾಗಿಲ್ಲ, ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ನಡೆಸಿ ನೋಡಿದವರು ನಮ್ಮ ಹಿರಿಯರು. ಖಾತರಿ ಎಷ್ಟು ತಿಂಗಳು, ಕೆಟ್ಟರೆ ರಿಪೇರಿ ಯಾವ ಊರಿನಲ್ಲಿ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಯಿಸಿಕೊಂಡು ಬರಬೇಕು.